ನಾಲ್ಕಂಗುಲದ ಶಾರ್ಟ್ ಸ್ಟೋರಿ ಮತ್ತು ಬೀಗದ ಕಪಾಟಿನ ಸಿಗಾರುಗಳು

ಆರ್ಟುರೋ ಫುಯೆಂಟೆ ಕಂಪನಿಯ ಹೆಮಿಂಗ್‌ವೇ ಶ್ರೇಣಿಯಲ್ಲಿ ಶಾರ್ಟ್ ಸ್ಟೋರಿ ಎಂಬ ಪುಟ್ಟ ಸಿಗಾರು ಇದೆ. ಉದ್ದ ನಾಲ್ಕೇ ಅಂಗುಲ, ನಡು ದಪ್ಪ, ಎರಡೂ ತುದಿ ಚೂಪು. ಟ್ಯಾಂಪಾದಲ್ಲಿ ನೆಲೆಸಿದ ಮೇಲೆ ನಾನು ಅತಿ ಹೆಚ್ಚು ಕೊಂಡಿರುವುದು ಇದನ್ನೇ. ಬೆಲೆ ಹತ್ತು ಡಾಲರ್ ಆಸುಪಾಸು. ಫ್ಲೋರಿಡಾದಲ್ಲಿ ಸಿಗಾರಿಗೆ ರಾಜ್ಯದ ತಂಬಾಕು ತೆರಿಗೆ ಇಲ್ಲದಿರುವುದು ನಮ್ಮ ಪುಣ್ಯ. ಇದರ ಮೂರು ಪಟ್ಟು ಬೆಲೆಯವನ್ನೂ ಸೇದಿದ್ದೇನೆ, ಅದಕ್ಕೂ ಮೀರಿದವನ್ನೂ ಸೇದಿದ್ದೇನೆ. ಅವುಗಳ ಬಗ್ಗೆ ಬರೆಯಲೆಂದೇ ಕುಳಿತೆ. ಆದರೆ ಈ ಕುಳ್ಳನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಲಾಗುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ನಾನು ವಾರಕ್ಕೆ ಒಂದೇ ಸಿಗಾರು ಸೇದುವವನು, ಅದೂ ಶನಿವಾರ ರಾತ್ರಿ ಊಟವಾದ ಮೇಲೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಸಿಗಾರು ನಿರಪಾಯಕಾರಿಯೆಂದು ವಾದಿಸುವವರ ಜೊತೆ ನಾನಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಆ ವಾದ ಕೇಳಿಸುವುದಿಲ್ಲ. ಸೇದದವರು ಇದನ್ನು ಓದಿ ಶುರುಮಾಡಬೇಕಾಗಿಲ್ಲ.

ನಮ್ಮದು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆ. ಸೊಪ್ಪು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ ಎಂಬ ಸೊಪ್ಪು ಒಣಗಿಸುವ ಮನೆಗೆ ಏರಿಸಿ, ರಾತ್ರಿಯಿಡೀ ಸೌದೆ ಉರಿ ಕಾಯುವುದನ್ನು ನೋಡಿಕೊಂಡು ಬೆಳೆದವನು ನಾನು. ಸುಮಾರು ಒಂದು ವಾರದಲ್ಲಿ ಎಲೆ ಹಳದಿಯಾಗಿ ಹೊರಬರುತ್ತದೆ, ಬೇಲ್ ಕಟ್ಟಿ ಹರಾಜು ಮಾರುಕಟ್ಟೆಗೆ ಸಾಗಿಸುತ್ತಾರೆ, ಅಲ್ಲಿಂದ ಸಿಗರೇಟಾಗುತ್ತದೆ. ಸಿಗಾರಿನ ಸೊಪ್ಪಿನ ಹಾದಿಯೇ ಬೇರೆ. ಅದಕ್ಕೆ ಬೆಂಕಿಯ ಅವಸರವಿಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗಿ ಕಂದುಬಣ್ಣಕ್ಕೆ ತಿರುಗಬೇಕು. ಆಮೇಲೆ ಆಳೆತ್ತರದ ರಾಶಿ ಹಾಕುತ್ತಾರೆ. ಒಳಗಿನ ತೇವಕ್ಕೆ ರಾಶಿ ತಾನಾಗಿ ಬಿಸಿಯಾಗುತ್ತದೆ. ಮಿತಿಮೀರುವ ಮೊದಲೇ ಒಡೆದು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ತಿಂಗಳುಗಳ ಕೆಲಸ. ಬಳಿಕ ವರ್ಷಗಟ್ಟಲೆ ಮಾಗಲು ಬಿಡುತ್ತಾರೆ. ಪಡ್ರೋನ್ ಕಂಪನಿ ತನ್ನ 1964 ಆನಿವರ್ಸರಿ ಶ್ರೇಣಿಯ ಸೊಪ್ಪನ್ನು ಕನಿಷ್ಠ ನಾಲ್ಕು ವರ್ಷ, 1926 ಶ್ರೇಣಿಯದನ್ನು ಐದು ವರ್ಷ ಮಾಗಿಸುತ್ತದೆ. ಹರಾಜು ಮುಗಿದ ದಿನವೇ ಸಾಲ ತೀರಿಸಬೇಕಿದ್ದ ನಮ್ಮ ದೊಡ್ಡಪ್ಪ ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಶಾರ್ಟ್ ಸ್ಟೋರಿಯ ಹೊರಗಿನ ಎಲೆ ಕ್ಯಾಮರೂನಿನದು. ಬೆರಳಾಡಿಸಿದರೆ ಸಣ್ಣ ಸಣ್ಣ ತರಿ ಸಿಗುತ್ತದೆ. ತುಂಬ ತೆಳು, ಸ್ವಲ್ಪ ಒಣಗಿದರೂ ಬಿರಿಯುತ್ತದೆ. ಊಟ ಮುಗಿಸಿ, ಜಾಲರಿ ಹಾಕಿದ ಹಿಂಬದಿಯ ಜಗುಲಿಯಲ್ಲಿ ಕುಳಿತು, ಬಾಯಿಗಿಡುವ ತುದಿಯ ಚೂಪಿನಿಂದ ಅಕ್ಕಿಕಾಳಿನ ಅರ್ಧದಷ್ಟನ್ನು ಮಾತ್ರ ಕತ್ತರಿಸುತ್ತೇನೆ. ಹಚ್ಚದೆ ಒಂದು ಸಲ ಎಳೆದು ನೋಡುತ್ತೇನೆ. ಒಣಹುಲ್ಲು ಮತ್ತು ಮರದ ರುಚಿ. ಕೆಳತುದಿ ಸಣ್ಣದಾಗಿರುವುದರಿಂದ ಒಂದೇ ಕಡ್ಡಿಗೆ ಹೊತ್ತಿಕೊಳ್ಳುತ್ತದೆ. ಮೊದಲ ನಾಲ್ಕೈದು ಎಳೆತ ಬಿಗಿ, ಆಮೇಲೆ ಕಿಡಿ ದಪ್ಪಭಾಗಕ್ಕೆ ಏರಿದಂತೆ ಹೊಗೆ ತೆರೆದುಕೊಳ್ಳುತ್ತದೆ. ಹುರಿದ ಧಾನ್ಯದ ಸಿಹಿ, ನಡುವೆ ಎಲ್ಲೋ ಕಾಳುಮೆಣಸು. ನಿಮಿಷಕ್ಕೊಂದು ಎಳೆತ ಸಾಕು. ಅವಸರ ಮಾಡಿದರೆ ಕಹಿಯಾಗುತ್ತದೆ. ಜೊತೆಗೆ ಫಿಲ್ಟರ್ ಕಾಫಿ, ಸಕ್ಕರೆ ಕಡಿಮೆ. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಸೊಳ್ಳೆಗಳ ಸಹನೆ ಕೆಡುವ ಮೊದಲೇ.

ಇಂಥ ಎರಡು ಚೂಪಿನ ಆಕಾರವನ್ನು ಸುತ್ತಲು ಪಳಗಿದ ಕೈ ಬೇಕು. ಹೀಗಿದ್ದೂ ಇಷ್ಟು ವರ್ಷಗಳಲ್ಲಿ ಉಸಿರು ಕಟ್ಟಿದ ಶಾರ್ಟ್ ಸ್ಟೋರಿ ನನ್ನ ಕೈಗೆ ಬಂದ ನೆನಪಿಲ್ಲ. ನನಗೆ ಬೇಕಿರುವುದು ಅದೇ. ರುಚಿಯ ವರ್ಣನೆ ಯಾರು ಬೇಕಾದರೂ ಮಾಡಬಹುದು. ಎಳೆದರೆ ಹೊಗೆ ಬರಬೇಕು.

ಅದು ಬಾರದಿದ್ದ ಕಥೆಯೂ ಇದೆ. ಅಮೆರಿಕಕ್ಕೆ ಕ್ಯೂಬಾ ಸಿಗಾರು ಬರುವುದು 1962ರ ನಿರ್ಬಂಧದಿಂದ ನಿಂತಿತು. ಒಬಾಮ ಕಾಲದಲ್ಲಿ ಪ್ರಯಾಣಿಕರಿಗೆ ಸಿಕ್ಕಿದ್ದ ವಿನಾಯಿತಿಯೂ 2020ರಲ್ಲಿ ರದ್ದಾಯಿತು. ಹಾಗಾಗಿ ಟೊರಾಂಟೊದಲ್ಲಿರುವ ಭಾವನ ಮನೆಗೆ ಹೋದಾಗ, ಬಹಳ ದಿನದ ಆಸೆಯಿಂದ, ಹೆಸರಾಂತ ಕ್ಯೂಬನ್ ಬ್ರ್ಯಾಂಡಿನ ಒಂದನ್ನು ಕೊಂಡೆ. ಬ್ರ್ಯಾಂಡಿನ ಹೆಸರು ಬೇಡ. ಭಾವನ ಒಂದು ವಾರದ ದಿನಸಿಯ ಬೆಲೆ. ಕತ್ತರಿಸಿ ಎಳೆದರೆ ಏನೂ ಇಲ್ಲ. ಕೆನ್ನೆ ನೋಯುವವರೆಗೆ ಎಳೆದೆ, ಬೂದಿ ಕಟ್ಟಿದ ಒಲೆಗೆ ಊದುಗೊಳವೆ ಹಿಡಿದಂತೆ. ಒಳಸೊಪ್ಪನ್ನು ಮಡಿಸುವಾಗ ತಿರುಚಿಕೊಂಡರೆ ಅಥವಾ ಒಂದೆಡೆ ಹೆಚ್ಚು ತುರುಕಿದರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಕೈಕೆಲಸದಲ್ಲಿ ಇದು ಆಗುವಂಥದ್ದೇ, ಒಪ್ಪುತ್ತೇನೆ. ಆ ಬೆಲೆಗೆ ಒಪ್ಪುವುದು ಕಷ್ಟ. ‘ಊರಿನ ಬೀಡಿಯೇ ವಾಸಿ ಕಣಯ್ಯಾ’ ಎಂದು ಭಾವ ಪಕ್ಕದಲ್ಲಿ ಕುಳಿತು ಉಪ್ಪು ಸವರಿದರು. ಅದರ ಮೇಲೆ 2022ರಲ್ಲಿ ಕೊಹಿಬಾ ಮತ್ತು ಟ್ರಿನಿದಾದ್ ಎಂಬ ಕ್ಯೂಬನ್ ಬ್ರ್ಯಾಂಡುಗಳ ಬೆಲೆಗಳನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗ್ ಮಟ್ಟಕ್ಕೆ ಏರಿಸಿದ ಮೇಲೆ, ನನ್ನಂಥವರಿಗೆ ಆ ಬಾಗಿಲು ಮುಚ್ಚಿತು ಎಂದೇ ಲೆಕ್ಕ.

ಅಪರೂಪದವುಗಳಲ್ಲಿ ಮೆಚ್ಚಿದ್ದೂ ಇದೆ. ಹೊರಸುತ್ತಿನ ಒಳ್ಳೆಯ ಎಲೆ ಡೊಮಿನಿಕನ್ ಗಣರಾಜ್ಯದ ಮಣ್ಣಿನಲ್ಲಿ ಬೆಳೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾಗ ಫುಯೆಂಟೆ ಮನೆತನ ಅಲ್ಲೇ ತೋಟ ಮಾಡಿ ಬೆಳೆದು, 1995ರಲ್ಲಿ ಓಪಸ್‌ಎಕ್ಸ್ ಹೊರತಂದಿತು. ರೈತನ ಮಗನಾಗಿ ಆ ಹಟಕ್ಕೆ ನನ್ನ ಸಲಾಮು. ಈ ಮನೆತನ 1912ರಲ್ಲಿ ಶುರುಮಾಡಿದ್ದು ಇದೇ ವೆಸ್ಟ್ ಟ್ಯಾಂಪಾದಲ್ಲಿ ಎಂಬ ಊರಿನ ಅಭಿಮಾನವೂ ಸೇರಿಕೊಂಡಿರಬಹುದು. ಓಪಸ್‌ಎಕ್ಸ್ ನನಗೆ ಖಾರ ಜಾಸ್ತಿ. ಎರಡು ವರ್ಷ ಪೆಟ್ಟಿಗೆಯಲ್ಲಿ ಮಲಗಿಸಿ ಸೇದಿದ್ದು ಹದವಾಗಿತ್ತು. ತೊಂದರೆ ಸಿಗಾರಿನದಲ್ಲ, ಅದನ್ನು ಪಡೆಯುವ ದಾರಿಯದು. ಅಂಗಡಿಯ ಬೀಗದ ಕಪಾಟು, ‘ಇದು ಬೇಕಿದ್ದರೆ ಜೊತೆಗೆ ಆ ಎರಡನ್ನೂ ಕೊಳ್ಳಬೇಕು’ ಎಂಬ ಷರತ್ತು, ಪರಿಚಯಸ್ಥರಿಗೆ ಮಾತ್ರ ತೆರೆಯುವ ಹಿಂದಿನ ಕೋಣೆ. ನಾನು ಒಂದು ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

ಕಡಿಮೆ ಬೆಲೆಯಲ್ಲಿ ಬೇರೆ ಏನಿದೆ ಎಂದು ಕೇಳುವವರಿಗೆ: ಟ್ಯಾಂಪಾದ ನ್ಯೂಮನ್ ಕುಟುಂಬದ ಬ್ರಿಕ್ ಹೌಸ್, ನಿಕರಾಗುವಾದಲ್ಲಿ ಸುತ್ತಿದ್ದು, ಬೆಳಗಿನ ಕಾಫಿಗೂ ಆಗುತ್ತದೆ. ಇಲ್ಲಿನ ಈಬೋರ್ ಸಿಟಿ ಬಡಾವಣೆಯಲ್ಲಿ 1910ರಲ್ಲಿ ಕಟ್ಟಿದ ಅವರ ಗಡಿಯಾರದ ಗೋಪುರವಿರುವ ಕಾರ್ಖಾನೆಯನ್ನು ಒಳಗೆ ಹೋಗಿ ನೋಡಬಹುದು. ಒಂದು ಕಾಲದಲ್ಲಿ ಈ ಊರಿನ ಕಾರ್ಖಾನೆಗಳಲ್ಲಿ ಕೆಲಸಗಾರರು ತಾವೇ ದುಡ್ಡು ಕೂಡಿಸಿ, ಎತ್ತರದ ಪೀಠದ ಮೇಲೆ ಒಬ್ಬನನ್ನು ಕೂರಿಸಿ ಪತ್ರಿಕೆ, ಕಾದಂಬರಿ ಓದಿಸಿಕೊಳ್ಳುತ್ತಿದ್ದರಂತೆ. 1931ರಲ್ಲಿ ಮಾಲೀಕರು ಅದನ್ನು ನಿಲ್ಲಿಸಿದರು. ಸ್ವಲ್ಪ ಗಟ್ಟಿ ಬೇಕಿದ್ದರೆ ಪಡ್ರೋನ್ 2000, ಮದೂರೊ ಎಂಬ ಕಪ್ಪು ಎಲೆಯದು. ನೋಡಲು ಒರಟು, ಸುಡುವುದು ನೇರ.

ಇನ್ನು ಇಟ್ಟುಕೊಳ್ಳುವುದು. ದುಬಾರಿ ಸಿಗಾರಿಗೆ ಖರ್ಚು ಮಾಡುವ ಮೊದಲು ಸೀಡರ್ ಮರದ ಪೆಟ್ಟಿಗೆಗೂ ತೇವ ಕಾಯುವ ಬೊವೆಡಾ ಪೊಟ್ಟಣಗಳಿಗೂ ಖರ್ಚು ಮಾಡಿ. ಫ್ಲೋರಿಡಾದಲ್ಲಿ ಹೊರಗೆ ಬೆವರು, ಒಳಗೆ ಎಸಿಯ ಒಣಗಾಳಿ. ಶೇ 65 ತೇವ ಕಾಯುವ ಪೊಟ್ಟಣ ನನಗೆ ಹೊಂದಿದೆ. ಕ್ಯಾಮರೂನ್ ಎಲೆ ಬಿರಿಯುವುದೂ ನಿಂತಿತು. ತೇವಮಾಪಕವನ್ನು ನಂಬಬೇಡಿ, ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟು ನೋಡಿ, 75 ತೋರಿಸಬೇಕು. ಹೊಸದಾಗಿ ತಂದದ್ದರಲ್ಲಿ ಹುಳುವಿನ ಮೊಟ್ಟೆ ಇರಬಹುದೆಂಬ ಭಯಕ್ಕೆ ಮೂರು ದಿನ ಫ್ರೀಜರಿನಲ್ಲಿ, ತೆಂಗಿನತುರಿಯ ಪಕ್ಕ ಇಡುತ್ತೇನೆ. ಎರಡು ಚೀಲ ಸುತ್ತಿದ ಮೇಲಷ್ಟೇ ನನ್ನ ಹೆಂಡತಿ ಅನುಮತಿ ಕೊಟ್ಟದ್ದು.

ಬರುವ ಹುಟ್ಟುಹಬ್ಬಕ್ಕೆ ಪಡ್ರೋನ್ 1926 ಶ್ರೇಣಿಯದನ್ನು ಒಂದೇ ಒಂದು ಕೊಳ್ಳುವ ಮನಸ್ಸಿದೆ. ಜೊತೆಗೆ ಇನ್ನೆರಡು ಕೊಳ್ಳಲೇಬೇಕೆಂದು ಯಾವ ಅಂಗಡಿಯವರಾದರೂ ಹೇಳಿದರೆ, ಅದೂ ಬೇಡ.