ಪ್ರಿಂಟ್ ಮ್ಯಾಪಿನ ಸ್ಕೇಲ್ ಬಾರ್ ನಂಬುವ ಮೊದಲು ಆ ಬಾರನ್ನೇ ಅಳೆದು ನೋಡಿ

ವೆಬ್ ಮ್ಯಾಪಿನಿಂದ ಪ್ರಿಂಟ್ ತೆಗೆದ ನಕ್ಷೆ ಕೈಗೆ ಬಂದಿದೆಯಾ? ಮೂಲೆಯಲ್ಲಿರುವ ಸ್ಕೇಲ್ ಬಾರ್ (ದೂರ ತೋರಿಸುವ ಅಳತೆಪಟ್ಟಿ) ನೋಡಿಕೊಂಡು ದೂರ ಲೆಕ್ಕ ಹಾಕಬೇಕು ಅಂತಿದ್ದೀರಾ? ದಯವಿಟ್ಟು ಸ್ವಲ್ಪ ತಡೆಯಿರಿ. ನಮಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ನೀರಿನ ಪೈಪ್‌ಲೈನ್ ಕೆಲಸ. ನಕ್ಷೆ ಮಾಡಿಕೊಡುವ ಒಂದು ಸಂಸ್ಥೆ ತನ್ನ ವೆಬ್ ಮ್ಯಾಪಿನಿಂದ ಎ3 ಅಳತೆಯ ಪಿಡಿಎಫ್ ತೆಗೆದು ಕಳಿಸಿತ್ತು. ನೋಡಲು ಚೊಕ್ಕವಾಗಿತ್ತು. ಮೇಲೆ 1:5000 ಎಂಬ ಅನುಪಾತ, ಕೆಳಗೆ ಕಪ್ಪು ಬಿಳುಪು ಸ್ಕೇಲ್ ಬಾರ್, ಅದರ ತುದಿಯಲ್ಲಿ 200 ಮೀಟರ್ ಎಂಬ ಬರಹ. ಪೈಪ್ ಹಾದುಹೋಗುವ ಗೆರೆಯ ಮೇಲೆ ದಾರ ಹಾಯಿಸಿ, ಆ ದಾರವನ್ನು ಬಾರ್ ಮೇಲೆ ಇಟ್ಟು ಅಳೆದೆವು. ಸರಿಯಾಗಿ ಐದು ಬಾರ್ ಉದ್ದ ಬಂತು. ಅಂದರೆ 1000 ಮೀಟರ್. ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಸೇರಿಸಿ ಪೈಪ್ ತರಿಸಿದ್ದಾಯಿತು, ಅಗೆತವೂ ಶುರುವಾಯಿತು.

ಪೈಪ್ ಮುಗಿಯಿತು. ತೊಟ್ಟಿ ಇನ್ನೂ ಮುಂದೆ ಇತ್ತು. ಟೇಪ್ ಹಿಡಿದು ಅಳೆದರೆ ದಾರಿ 1100 ಮೀಟರ್ ಹತ್ತಿರ ಇದೆ! ಪೈಪ್ ಆದರೆ ಮತ್ತೆ ತರಿಸಬಹುದು. ಆದರೆ ಪಂಪನ್ನು ಆಯ್ದದ್ದೂ ಆ 1000 ಮೀಟರ್ ಲೆಕ್ಕದಲ್ಲೇ. ಉದ್ದ ಹತ್ತು ಪರ್ಸೆಂಟ್ ಜಾಸ್ತಿಯಾದರೆ ಪೈಪಿನೊಳಗಿನ ಘರ್ಷಣೆಗೆ ಹೋಗುವ ಒತ್ತಡವೂ ಅಷ್ಟೇ ಜಾಸ್ತಿಯಾಗುತ್ತದೆ. ಕಾಗದದ ಮೇಲಿನ ನಾಲ್ಕು ಮಿಲಿಮೀಟರ್ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ.

ಹೌದು, ನಾಲ್ಕೇ ಮಿಲಿಮೀಟರ್. ಸ್ಟೀಲ್ ಸ್ಕೇಲು ತಂದು ಆ ಬಾರನ್ನು ಅಳೆದೆ. 44 ಮಿ.ಮೀ. ಇತ್ತು. 1:5000 ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ ಐದು ಮೀಟರ್, ಹಾಗಾಗಿ 200 ಮೀಟರಿಗೆ 40 ಮಿ.ಮೀ. ಇರಬೇಕಿತ್ತು. ಅದೇ ಹಾಳೆಯಲ್ಲಿ 200 ಮೀಟರಿಗೊಂದರಂತೆ ತೆಳುವಾದ ಗ್ರಿಡ್ ಗೆರೆಗಳೂ ಇದ್ದವು. ಅವುಗಳ ನಡುವೆ ಕರಾರುವಾಕ್ಕಾಗಿ 40 ಮಿ.ಮೀ. ನಕ್ಷೆ ಸರಿ, ಗ್ರಿಡ್ ಸರಿ, ಮೇಲೆ ಬರೆದ ಅನುಪಾತವೂ ಸರಿ. ದೂರ ಅಳೆಯಲೆಂದೇ ಹಾಕಿದ ಬಾರ್ ಮಾತ್ರ ತಪ್ಪು.

ಸಂಸ್ಥೆಯವರನ್ನು ಕೇಳಿದರೆ, "ನಿಮ್ಮ ಪ್ರಿಂಟರಿನಲ್ಲಿ ಫಿಟ್ ಟು ಪೇಜ್ ಆನ್ ಆಗಿರಬೇಕು ಸರ್" ಅಂದರು. ಈ ಉತ್ತರ ನಿಮಗೂ ಸಿಗುತ್ತದೆ, ಒಪ್ಪಿಕೊಳ್ಳಬೇಡಿ. ಫಿಟ್ ಟು ಪೇಜ್ ಅಂದರೆ ಕಾಗದದ ಅಳತೆಗೆ ಹೊಂದಿಸುವುದು. ಹಾಗೆ ಪ್ರಿಂಟರ್ ಹಾಳೆಯನ್ನು ಕುಗ್ಗಿಸಿದರೆ ನಕ್ಷೆ, ಗ್ರಿಡ್, ಬಾರ್ ಎಲ್ಲವೂ ಒಟ್ಟಿಗೆ ಕುಗ್ಗುತ್ತವೆ. ಒಂದನ್ನು ಹಾಗೇ ಬಿಟ್ಟು ಇನ್ನೊಂದನ್ನು ಹಿಗ್ಗಿಸಲು ಅದಕ್ಕೆ ಬರುವುದಿಲ್ಲ. ಬಾರ್ ಮತ್ತು ಗ್ರಿಡ್ ಒಂದಕ್ಕೊಂದು ತಾಳೆಯಾಗದಿದ್ದರೆ ದೋಷ ಇರುವುದು ಪಿಡಿಎಫ್‌ನಲ್ಲೇ.

ಆಮೇಲೆ ಅವರದೇ ವೆಬ್ ಪುಟದಲ್ಲಿ ಒಂದು ಪರೀಕ್ಷೆ ಮಾಡಿದೆ. ಪರದೆಯ ಮೇಲೆ ಬೇರೆ ಬೇರೆ ಝೂಮ್ ಇಟ್ಟು, ಪ್ರತಿ ಸಲವೂ ಅದೇ 1:5000ಕ್ಕೆ ಪ್ರಿಂಟ್ ಕೊಟ್ಟೆ. ನಕ್ಷೆ ಪ್ರತಿ ಸಲವೂ ಒಂದೇ ಥರ ಬಂತು. ಬಾರ್ ಮಾತ್ರ ಪರದೆಯಲ್ಲಿ ಇದ್ದ ಹಾಗೇ ಬಂದು ಕೂತಿತ್ತು. ಅಲ್ಲಿಗೆ ಕಾರಣ ಸಿಕ್ಕಿತು. ಪ್ರಿಂಟಿಗಾಗಿ ನಕ್ಷೆಯನ್ನು ಹೊಸದಾಗಿ ಬರೆಸುತ್ತಿದ್ದಾರೆ, ಬಾರನ್ನು ಮಾತ್ರ ಪರದೆಯಿಂದ ಎತ್ತಿ ಅಂಟಿಸುತ್ತಿದ್ದಾರೆ.

ಇದರಲ್ಲಿ ಎಷ್ಟು ವ್ಯತ್ಯಾಸ ಬರಬಹುದು? ಲೆಕ್ಕಕ್ಕೆ ಸಮಭಾಜಕ ವೃತ್ತದ ಮೇಲಿನ ಒಂದು ಜಾಗ ತಗೊಳ್ಳಿ. ಸಾಮಾನ್ಯ ವೆಬ್ ಮ್ಯಾಪಿನಲ್ಲಿ ಝೂಮ್ 17 ಇದ್ದಾಗ ಒಂದು ಪಿಕ್ಸೆಲ್ ಅಂದರೆ ಅಲ್ಲಿ ಸುಮಾರು 1.19 ಮೀಟರ್. ಬ್ರೌಸರ್ ಒಂದು ಇಂಚಿಗೆ 96 ಪಿಕ್ಸೆಲ್ ಅಂತ ಹಿಡಿಯುತ್ತದೆ. ಹಾಗಾಗಿ ಪರದೆಯ ಅನುಪಾತ ಸುಮಾರು 1:4500, 200 ಮೀಟರಿನ ಬಾರ್ 44 ಮಿ.ಮೀ. ಚಿಲ್ಲರೆ. ಈ ಬಾರನ್ನು 1:5000 ನಕ್ಷೆಗೆ ಅಂಟಿಸಿದರೆ ಅದು ಅಳೆಯುವ ಪ್ರತಿ ದೂರವೂ ಹತ್ತು ಪರ್ಸೆಂಟ್ ಕಡಿಮೆ ಬರುತ್ತದೆ. ಎರಡು ಪಟ್ಟು ತಪ್ಪಿದ್ದರೆ ಯಾರಾದರೂ ನೋಡಿದ ಕೂಡಲೇ ಹಿಡಿಯುತ್ತಾರೆ. ಹತ್ತು ಪರ್ಸೆಂಟ್ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ನನಗೆ ಇದರ ಬಗ್ಗೆ ಹೆಚ್ಚು ಭಯ.

ಬಾರನ್ನು ಪರದೆಯಿಂದ ಎತ್ತುವುದೇಕೆ ಅಂದರೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಪ್ರಿಂಟಿನಲ್ಲಿ ಅದು ತೀರಾ ಚಿಕ್ಕದಾಗುತ್ತದೆ. ವೆಬ್ ಮ್ಯಾಪ್ ಕಟ್ಟಲು ಬಳಸುವ ಓಪನ್‌ಲೇಯರ್ಸ್ ತಂತ್ರಾಂಶದಲ್ಲಿ ಸ್ಕೇಲ್ ಬಾರ್‌ಗೆ, ನಾವು ಬದಲಿಸದಿದ್ದರೆ, ಕನಿಷ್ಠ ಅಗಲ 64 ಪಿಕ್ಸೆಲ್. ಪರದೆಯಲ್ಲಿ ಅದು ಸಾಕು. 300 ಡಿಪಿಐನಲ್ಲಿ ಅದೇ 64 ಪಿಕ್ಸೆಲ್ ಅಂದರೆ ಐದೂವರೆ ಮಿಲಿಮೀಟರ್ ಕೂಡ ಇಲ್ಲ. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಲೀಫ್‌ಲೆಟ್‌ನಲ್ಲಿ, ಬದಲಿಸದಿದ್ದರೆ, ಗರಿಷ್ಠವೇ 100 ಪಿಕ್ಸೆಲ್, ಅದು ಎಂಟೂವರೆ ಮಿಲಿಮೀಟರ್ ಆಗುತ್ತದೆ. ಇಷ್ಟು ಚಿಕ್ಕ ಬಾರ್ ಓದಲು ಆಗುವುದಿಲ್ಲ ಅಂತ ಕೆಲವರು ಅದನ್ನು ಚಿತ್ರದ ಹಾಗೆ ಹಿಡಿದು ಎಳೆದು ದೊಡ್ಡದು ಮಾಡುತ್ತಾರೆ. ಉದ್ದ ಬೆಳೆಯುತ್ತದೆ, ಬರೆದ ಅಂಕಿ ಹಾಗೇ ಇರುತ್ತದೆ! ಓಪನ್‌ಲೇಯರ್ಸ್‌ನಲ್ಲಿ ಇದಕ್ಕೆಂದೇ ಡಿಪಿಐ ಹೇಳುವ ಸೌಲಭ್ಯ ಇದೆ. ಪ್ರಿಂಟ್ ಹೊತ್ತಿಗೆ 300 ಅಂತ ಕೊಟ್ಟರೆ ಬಾರ್ ಓದುವಷ್ಟು ದೊಡ್ಡದಾಗುತ್ತದೆ, ಅದಕ್ಕೆ ಹೊಂದುವ ಅಂಕಿಯನ್ನೂ ಅದೇ ಆರಿಸಿಕೊಳ್ಳುತ್ತದೆ. ಕೊಡದೇ ಬಿಟ್ಟರೆ ಒಂದು ಪಿಕ್ಸೆಲ್ ಅಂದರೆ 0.28 ಮಿ.ಮೀ. ಅಂತ ಹಿಡಿಯುತ್ತದೆ. ಆಗ ಅದು ಬರೆಯುವ ಅನುಪಾತ ಮೂರು ಪಟ್ಟಿಗಿಂತ ಜಾಸ್ತಿ ತಪ್ಪಾಗುತ್ತದೆ. ಪ್ರಿಂಟ್ ಮುಗಿದ ಮೇಲೆ ಹಳೆಯ ಡಿಪಿಐಗೆ ತಿರುಗಿಸುವುದನ್ನೂ ಮರೆಯಬಾರದು.

ಇನ್ನೊಂದು ಅಪಾಯ ನಮಗೆ ತಟ್ಟಲಿಲ್ಲ, ಬೇರೆಯವರಿಗೆ ತಟ್ಟಬಹುದು. ವೆಬ್ ಮ್ಯಾಪ್‌ಗಳು ಹೆಚ್ಚಾಗಿ ಬಳಸುವ ವೆಬ್ ಮರ್ಕೇಟರ್ ಪ್ರೊಜೆಕ್ಷನ್ನಿನಲ್ಲಿ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದು ವಿಧಾನ) ಸಮಭಾಜಕದಿಂದ ದೂರ ಹೋದಷ್ಟೂ ನೆಲ ಹಿಗ್ಗಿದಂತೆ ಕಾಣುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ 1.41 ಪಟ್ಟು, 60 ಡಿಗ್ರಿಯಲ್ಲಿ ಎರಡು ಪಟ್ಟು. ಬಾರ್ ಲೆಕ್ಕ ಹಾಕುವ ಕೋಡ್ ಇದನ್ನು ಸರಿಪಡಿಸದೆ ಪ್ರೊಜೆಕ್ಷನ್ನಿನ ಮೀಟರನ್ನೇ ನೆಲದ ಮೀಟರ್ ಅಂದುಕೊಂಡರೆ, 60 ಡಿಗ್ರಿಯಲ್ಲಿ ಅದು 200 ಮೀಟರ್ ಅನ್ನುವುದು ನಿಜಕ್ಕೂ 100 ಮೀಟರ್. ಇದನ್ನು ಪತ್ತೆ ಹಚ್ಚುವುದು ಸುಲಭ. ಝೂಮ್ ಮುಟ್ಟದೆ ಮ್ಯಾಪನ್ನು ಸಮಭಾಜಕದಿಂದ ಉತ್ತರಕ್ಕೆ ಎಳೆಯುತ್ತಾ ಹೋಗಿ. ಬಾರಿನ ಉದ್ದವಾಗಲಿ ಅಂಕಿಯಾಗಲಿ ಬದಲಾಗುತ್ತಾ ಹೋದರೆ ಸರಿ. ಕೊನೆಯವರೆಗೂ ಅಲುಗಾಡದಿದ್ದರೆ ಆ ಬಾರನ್ನು ನಂಬಬೇಡಿ. ಸರಿಪಡಿಸಿದ ಬಾರ್ ಕೂಡ ನಕ್ಷೆಯ ನಡುಭಾಗಕ್ಕೇ ಪಕ್ಕಾ. ಒಂದಿಡೀ ಖಂಡ ತೋರಿಸುವ ಹಾಳೆಯಲ್ಲಿ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಅದೇ ಬಾರ್ ಇಟ್ಟು ಅಳೆಯುವಂತಿಲ್ಲ.

ಫಿಟ್ ಟು ಪೇಜ್ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಕೆಡಿಸುವುದು ಅನುಪಾತವನ್ನು. ಎ3 ನಕ್ಷೆಯನ್ನು ಎ4 ಹಾಳೆಗೆ ಇಳಿಸಿದರೆ 1:5000 ಇದ್ದದ್ದು ಸುಮಾರು 1:7070 ಆಗುತ್ತದೆ, ಮೇಲೆ ಮಾತ್ರ 1:5000 ಎಂದೇ ಇರುತ್ತದೆ. ಸರಿಯಾಗಿ ಬರೆಸಿದ ಬಾರ್ ಆಗಲೂ ಸರಿಯೇ. ಪ್ರಿಂಟ್ ಕೊಡುವಾಗ ಆಕ್ಚುಯಲ್ ಸೈಜ್ ಅಥವಾ 100% ಆರಿಸಿ.

ನಕ್ಷೆ ತರಿಸುವವರು ಮಾಡಬೇಕಾದ್ದು ಇಷ್ಟು. ಹಾಳೆ ಬಂದ ಕೂಡಲೇ ಬಾರನ್ನು ಮಿಲಿಮೀಟರಿನಲ್ಲಿ ಅಳೆದು ಅನುಪಾತಕ್ಕೆ ತಾಳೆ ನೋಡಿ. ಆಮೇಲೆ ನೆಲದ ಮೇಲೆ ಉದ್ದ ಗೊತ್ತಿರುವ ಒಂದು ನೇರ ರಸ್ತೆಯನ್ನೋ ಸೇತುವೆಯನ್ನೋ ನಕ್ಷೆಯಲ್ಲಿ ಅಳೆಯಿರಿ. ಎರಡೂ ಹೊಂದಿದರೆ ಮಾತ್ರ ಸಾಮಾನು ತರಿಸಿ. ಮಾಡಿಕೊಡುವವರಲ್ಲಿ ನನ್ನ ಕೋರಿಕೆ: ಪ್ರಿಂಟಿನ ನಕ್ಷೆ ಪೂರ್ತಿ ಬರೆದಾದ ಮೇಲೆ, ಅದರದೇ ರೆಸಲ್ಯೂಶನ್ನಿನಿಂದ (ಒಂದು ಪಿಕ್ಸೆಲ್ಲಿಗೆ ಎಷ್ಟು ಮೀಟರ್ ಎಂಬ ಲೆಕ್ಕದಿಂದ) ಬಾರನ್ನು ಬರೆಸಿ. ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದ ಪ್ರಿಂಟ್ ಲೇಔಟಿನಲ್ಲಿ ಬಾರ್ ಒಂದು ನಿರ್ದಿಷ್ಟ ನಕ್ಷೆಗೆ ಜೋಡಿಸಿಕೊಂಡೇ ಇರುತ್ತದೆ, ನಕ್ಷೆಯ ಅನುಪಾತ ಬದಲಿಸಿದರೆ ಬಾರ್ ಕೂಡ ಬದಲಾಗುತ್ತದೆ. ವೆಬ್ ತಂತ್ರಾಂಶದಲ್ಲೂ ಅಂಥ ಕೊಂಡಿ ಇರಲೇಬೇಕು.

ಮತ್ತೆ, ಹಾಳೆಯ ಮೇಲೆ ಗ್ರಿಡ್ ಗೆರೆ ಬೇಕು ಅಂತ ಮೊದಲೇ ಕೇಳಿ ಹಾಕಿಸಿಕೊಳ್ಳಿ. ನಮ್ಮ ಹಾಳೆಯಲ್ಲಿ ಅವು ಇಲ್ಲದಿದ್ದರೆ ಪ್ರಿಂಟರಿನ ಮೇಲೆ ಹಾಕಿದ ಮಾತನ್ನು ತಳ್ಳಿಹಾಕಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.