ಕೊರಿಯನ್ ಕಲಿಕೆಯ ‘ಸಂಪೂರ್ಣ ಸಾಮಗ್ರಿ’ಗೆ ಹಣ ಕಟ್ಟುವ ಮುನ್ನ

ಕೊರಿಯನ್ ಭಾಷೆಯನ್ನು ಮನೆಯಲ್ಲೇ ಕಲಿತು ಟೋಪಿಕ್ (ಕೊರಿಯನ್ ಭಾಷಾ ಸಾಮರ್ಥ್ಯದ ಅಧಿಕೃತ ಪರೀಕ್ಷೆ) ಬರೆಯಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ‘ಸಂಪೂರ್ಣ ಅಧ್ಯಯನ ಸಾಮಗ್ರಿ’ ಎಂಬ ಜಾಹೀರಾತನ್ನು ನಂಬಿ ನಾನು ಆನ್‌ಲೈನ್ ತರಬೇತಿ ಕೇಂದ್ರವೊಂದಕ್ಕೆ ಹಣ ಕಟ್ಟಿದೆ. ಬಂದದ್ದು ಮಸುಕು ಮಸುಕಾಗಿ ಸ್ಕ್ಯಾನ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳ ಪಿಡಿಎಫ್. ಪ್ರತಿ ಪುಟದ ನೆತ್ತಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಕೇಂದ್ರದ ಮುದ್ರೆ ಒತ್ತಿದ್ದರು. ಪಟ್ಟಿಯ ಕೆಳಗಿನಿಂದ ಮೂಲ ಶೀರ್ಷಿಕೆಯ ಅಕ್ಷರಗಳು ಅರ್ಧಂಬರ್ಧ ಇಣುಕುತ್ತಿದ್ದವು.

ಅವೇ ಪತ್ರಿಕೆಗಳು ಟೋಪಿಕ್‌ನ ಅಧಿಕೃತ ಜಾಲತಾಣದಲ್ಲಿ ಉತ್ತರ ಮತ್ತು ಆಡಿಯೊ ಸಮೇತ ಉಚಿತವಾಗಿ ಸಿಗುತ್ತವೆ. ನನಗೆ ಬಂದದ್ದರಲ್ಲಿ ಆಡಿಯೊ ಇರಲೇ ಇಲ್ಲ. ಆರಂಭಿಕ ಹಂತದ ಪರೀಕ್ಷೆಯಾದ ಟೋಪಿಕ್-1ರ 70 ಪ್ರಶ್ನೆಗಳಲ್ಲಿ 30 ಪ್ರಶ್ನೆಗಳು ಕೇಳಿಸಿಕೊಂಡು ಉತ್ತರಿಸುವಂಥವು, 200 ಅಂಕಗಳಲ್ಲಿ 100 ಅವುಗಳದ್ದೇ ಆಗಿರುವಾಗ, ಆಡಿಯೊ ಇಲ್ಲದ ಪತ್ರಿಕೆಯನ್ನು ಸಂಪೂರ್ಣವೆಂದು ಮಾರುವುದು ನೇರ ವಂಚನೆ. ಕೇಳಿದರೆ ‘ಮುಂದಿನ ಹಂತದ ಕೋರ್ಸ್‌ಗೆ ಸೇರಿದರೆ ಕೊಡುತ್ತೇವೆ’ ಎಂದರು. ಹಣ ವಾಪಸ್ ಕೇಳಿದ ಮೇಲೆ ಉತ್ತರಿಸುವುದನ್ನೇ ನಿಲ್ಲಿಸಿದರು.

ಇದಕ್ಕಿಂತ ದೊಡ್ಡ ಹಾನಿ ಪಾಠದ ಪುಸ್ತಕದಲ್ಲಿತ್ತು. ಅದರಲ್ಲಿ ಕೊರಿಯನ್ ವಾಕ್ಯಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇದ್ದವು. ಅದನ್ನು ನೆಚ್ಚಿದವರು ಎಷ್ಟು ಬಾಯಿಪಾಠ ಮಾಡಿದರೂ ಪರೀಕ್ಷೆಯ ಒಂದು ಸಾಲನ್ನೂ ಓದಲಾರರು, ಏಕೆಂದರೆ ಅಲ್ಲಿ ಇರುವುದು ಕೊರಿಯನ್ ಭಾಷೆಯ ಸ್ವಂತ ಲಿಪಿಯಾದ ಹಂಗುಲ್. 1446ರಲ್ಲಿ ಕೊರಿಯಾದ ಸೆಜಾಂಗ್ ದೊರೆ ಸಾಮಾನ್ಯ ಜನರ ಓದುಬರಹಕ್ಕೆಂದೇ ಪ್ರಕಟಿಸಿದ ಆ ಲಿಪಿಯಲ್ಲಿ ಇಂದು ಮೂಲ ಅಕ್ಷರಗಳು 24 ಮಾತ್ರ. ವ್ಯಂಜನಕ್ಕೆ ಸ್ವರ ಸೇರಿಸಿ ಒಂದೇ ಅಕ್ಷರವಾಗಿ ಬರೆಯುವುದು ಕನ್ನಡಿಗರಿಗೆ ಹೊಸದೂ ಅಲ್ಲ. ಇಷ್ಟು ಸಲೀಸಾದುದನ್ನು ಮೊದಲ ವಾರದಲ್ಲೇ ಕಲಿಸದೆ ಮುಂದೂಡುವವರು ಕಲಿಯುವವರನ್ನು ತಮ್ಮ ಮೇಲೆಯೇ ಅವಲಂಬಿಸುವಂತೆ ಮಾಡುತ್ತಾರೆಂಬುದು ನನ್ನ ದೃಢ ಅಭಿಪ್ರಾಯ.

ಹಣ ಕಟ್ಟದೆಯೂ ಕಲಿಯಬಹುದು. ಕೊರಿಯನ್ ಭಾಷೆ ಕಲಿಸುವ ಕೊರಿಯಾದ ಸರ್ಕಾರಿ ಸಂಸ್ಥೆ ಕಿಂಗ್ ಸೆಜಾಂಗ್ ಇನ್‌ಸ್ಟಿಟ್ಯೂಟ್ ಫೌಂಡೇಶನ್ ಆನ್‌ಲೈನ್ ಪಾಠಗಳನ್ನು ಉಚಿತವಾಗಿ ನೀಡುತ್ತದೆ. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ ಕಲಿಯುವವರಿಗೆಂದೇ ರೂಪಿಸಿರುವ ಆನ್‌ಲೈನ್ ನಿಘಂಟಿನಲ್ಲಿ ಇಂಗ್ಲಿಷ್ ಅರ್ಥ, ಉಚ್ಚಾರಣೆ, ಉದಾಹರಣೆ ವಾಕ್ಯಗಳಿವೆ. ಓದುವ ಅಭ್ಯಾಸಕ್ಕೆ ಆ ಸಣ್ಣ ವಾಕ್ಯಗಳೇ ಒಳ್ಳೆಯ ಆರಂಭ.

ಹಣ ಕೊಟ್ಟೇ ಕಲಿಯುವುದಾದರೆ ಮೊದಲು ಮಾದರಿ ಪಾಠವೊಂದನ್ನೂ ಅದರ ಆಡಿಯೊವನ್ನೂ ಕೇಳಿ ಪಡೆಯಿರಿ, ಹಣ ಮರುಪಾವತಿಯ ಷರತ್ತುಗಳನ್ನು ಬರಹದಲ್ಲಿ ತರಿಸಿಕೊಳ್ಳಿ. ಈಗಾಗಲೇ ಮೋಸಹೋದವರು ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು ಪಾವತಿಯ ರಸೀದಿಯನ್ನು ಅಳಿಸದೆ ಇಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.