ವಿಜಯಪುರದಲ್ಲಿ ಹಬ್ಶಿ ಅಮೀರರ ಜಾಡು: ಅರ್ಧ ದಿನದ ಪ್ರವಾಸವೊಂದರ ವಿಮರ್ಶೆ

ವಿಜಯಪುರಕ್ಕೆ ಬಂದವರಲ್ಲಿ ಹೆಚ್ಚಿನವರು ಗೋಳಗುಮ್ಮಟದ ಪ್ರತಿಧ್ವನಿ ಕೇಳಿ, ಇಬ್ರಾಹಿಂ ರೋಜಾ ನೋಡಿ ಊರಿಗೆ ಮರಳುತ್ತಾರೆ. ಆದಿಲಶಾಹಿ ದರ್ಬಾರಿನಲ್ಲಿ ಗುಲಾಮಗಿರಿಯಿಂದ ಅಮೀರರ ಸಾಲಿಗೆ ಏರಿದ ಹಬ್ಶಿಗಳನ್ನೇ, ಅಂದರೆ ಆಫ್ರಿಕಾ ಮೂಲದ ಸಿದ್ದಿಗಳನ್ನೇ, ವಿಷಯವಾಗಿಟ್ಟುಕೊಂಡು ಸ್ಥಳೀಯ ಮಾರ್ಗದರ್ಶಕರೊಬ್ಬರು ನಡೆಸುವ ಪ್ರವಾಸವೊಂದಿದೆ ಎಂದು ತಿಳಿದು, ಕಳೆದ ಚಳಿಗಾಲದಲ್ಲಿ ಅಣ್ಣನ ಕುಟುಂಬದೊಡನೆ ಅದರಲ್ಲಿ ಪಾಲ್ಗೊಂಡಿದ್ದೆ.

ಪ್ರವಾಸವನ್ನು ಜಾಮಿ ಮಸೀದಿಯಿಂದ ಆರಂಭಿಸಿದ್ದು ಅತ್ಯಂತ ಸರಿಯಾದ ಆಯ್ಕೆ. ಅಲ್ಲಿನ ಬಂಗಾರದ ಬಣ್ಣದ ಮಿಹ್ರಾಬನ್ನು, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡನ್ನು, 1636ರಲ್ಲಿ ಅಲಂಕರಿಸಿದವನು ಹಬ್ಶಿ ಯಾಕೂತ್ ದಾಬುಲಿ. ಅಲ್ಲಿಯ ಬರಹದಲ್ಲಿ ಅವನು ಸುಲ್ತಾನ್ ಮುಹಮ್ಮದ್ ಆದಿಲಶಹನ ಸೇವಕನೆಂದೇ ಗುರುತಿಸಲ್ಪಟ್ಟಿದ್ದಾನೆ. ಮಾರ್ಗದರ್ಶಕರು ಆ ಒಂದು ಪದವನ್ನು ಹಿಡಿದು ಸುಮಾರು ಅರ್ಧ ಗಂಟೆ ಮಾತನಾಡಿದರು, ಮತ್ತು ಇಡೀ ದಿನದಲ್ಲಿ ನನಗೆ ಅತಿ ಹೆಚ್ಚು ದಕ್ಕಿದ್ದು ಆ ಅರ್ಧ ಗಂಟೆಯೇ. ಬಂಧುಬಳಗವಿಲ್ಲದ ಪರದೇಶದಲ್ಲಿ ಮಾರಾಟವಾದ ಹುಡುಗನಿಗೆ ಒಡೆಯನ ಮನೆಯೇ ಮನೆತನವಾಗುತ್ತಿತ್ತು. ಸ್ಥಳೀಯ ಕುಲಗಳ ಹಂಗಿಲ್ಲದ ಕಾರಣ ಒಡೆಯನೂ ಅವನನ್ನೇ ನಂಬಿ ಕುದುರೆ, ಕತ್ತಿ, ಲೆಕ್ಕಪತ್ರ ಎಲ್ಲವನ್ನೂ ಕಲಿಸುತ್ತಿದ್ದ. ಒಡೆಯ ಸತ್ತ ಮೇಲೆ ಬಿಡುಗಡೆ ಪಡೆದವನು ತನ್ನದೇ ದಂಡು ಕಟ್ಟಿಕೊಳ್ಳಬಹುದಿತ್ತು. ಇದಕ್ಕೆ ಅವರು ಕೊಟ್ಟ ನಿದರ್ಶನ ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಗ್ದಾದಿನ ಮೂಲಕ ದಖ್ಖನಿಗೆ ಬಂದ ಅವನನ್ನು ಕೊಂಡುಕೊಂಡವನು ಅಹಮದನಗರದ ಪೇಶ್ವೆ, ಅಂದರೆ ಪ್ರಧಾನಿ, ಚಂಗೇಜ್ ಖಾನ್, ಅವನೂ ಹಬ್ಶಿಯೇ. ಅಂಬರ್ ಕೆಲಕಾಲ ಬಿಜಾಪುರದ ಸೇವೆಯಲ್ಲಿಯೂ ಇದ್ದು, ಕೊನೆಗೆ ಅಹಮದನಗರದ ನಿಜಾಮಶಾಹಿಯ ನಿಜವಾದ ಆಳುಗನಾಗಿ 1626ರವರೆಗೂ ಮೊಗಲರನ್ನು ತಡೆದು ನಿಲ್ಲಿಸಿದ.

ಇಬ್ರಾಹಿಂ ರೋಜಾದ ಶಾಸನದಲ್ಲಿ ಹಬ್ಶಿ ಮಲಿಕ್ ಸಂದಲ್‌ನ ಹೆಸರಿದೆ, ಒಂದೂವರೆ ಲಕ್ಷ ಹೊನ್ನಿಗೂ ಮೀರಿದ ಖರ್ಚಿನ ಲೆಕ್ಕವೂ ಇದೆ. ಅಷ್ಟು ಸೊಬಗಿನ ರೋಜಾ ನೋಡಿದ ನಂತರ ಅದರ ಕಟ್ಟಡದ ಕೆಲಸ ನೋಡಿಕೊಂಡ ಮಲಿಕ್ ಸಂದಲ್‌ನ ಸರಳವಾದ ಗೋರಿಗೆ ಕರೆದೊಯ್ದ ಕ್ರಮಕ್ಕಾಗಿ ಮಾರ್ಗದರ್ಶಕರಿಗೆ ನಾನು ಋಣಿ. ಅಲ್ಲಿ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ.

ಕೈಗೆ ಕೊಟ್ಟ ಕಿರುಹೊತ್ತಗೆಯ ಬಗ್ಗೆ ಮಾತ್ರ ಆಕ್ಷೇಪವಿದೆ. ಅದು ಇಖ್ಲಾಸ್ ಖಾನ್ ಎಂಬ ಒಂದೇ ಹೆಸರಿನ ಇಬ್ಬರು ಹಬ್ಶಿ ಅಮೀರರನ್ನು ಒಬ್ಬನನ್ನಾಗಿ ಮಾಡಿದೆ. ಒಂಬತ್ತು ವರ್ಷದ ಎರಡನೆಯ ಇಬ್ರಾಹಿಂ 1580ರಲ್ಲಿ ಪಟ್ಟಕ್ಕೆ ಬಂದಾಗ ಅಧಿಕಾರಕ್ಕಾಗಿ ಹೋರಾಡಿದ ಇಖ್ಲಾಸ್ ಖಾನನ ಕಣ್ಣುಗಳನ್ನು ಮತ್ತೊಬ್ಬ ಹಬ್ಶಿ ಅಮೀರನಾದ ದಿಲಾವರ್ ಖಾನನೇ ಕೀಳಿಸಿ, 1590ರವರೆಗೆ ತಾನೇ ರಾಜ್ಯಭಾರ ನಡೆಸಿದ. ಚಿತ್ರಗಳಲ್ಲಿ ಮುಹಮ್ಮದ್ ಆದಿಲಶಹನ ಜೊತೆ ಕಾಣುವ ಇಖ್ಲಾಸ್ ಖಾನ್ ಅರ್ಧ ಶತಮಾನದ ನಂತರದವನು. ಏರಿಕೆಯ ಕಥೆಯನ್ನು ಅಭಿಮಾನದಿಂದ ಹೇಳುವಾಗ ಅದರೊಳಗಿನ ಇಂತಹ ಕ್ರೌರ್ಯವನ್ನು ಬಿಟ್ಟುಬಿಡುವುದು ಆ ಮನುಷ್ಯರಿಗೇ ಮಾಡುವ ಅನ್ಯಾಯವೆಂದು ನಾನು ತಿಳಿದಿದ್ದೇನೆ.

ಹಳಿಯಾಳ, ಯಲ್ಲಾಪುರಗಳ ಸಿದ್ದಿಗಳು ಈ ಅಮೀರರ ವಂಶಸ್ಥರೇ ಎಂದು ಅಣ್ಣನ ಮಗಳು ಕೇಳಿದಾಗ ಮಾರ್ಗದರ್ಶಕರು ಹೌದೆಂದು ಬಿಟ್ಟರು. ಇದೂ ಆತುರದ ಉತ್ತರವೇ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರಿಗೆ ದರ್ಬಾರೂ ಸಿಗಲಿಲ್ಲ, ಜಹಗೀರೂ ಸಿಗಲಿಲ್ಲ. ಬದಲಿಗೆ ಆದಿಲಶಾಹಿಯ ಹಬ್ಶಿ ಅಮೀರನಾದ ಸಿದ್ದಿ ಮಸೂದನ ಹೆಸರು ಹೇಳಿದ್ದರೆ ಕನ್ನಡಿಗರಿಗೆ ಕೂಡಲೇ ಹತ್ತಿರವಾಗುತ್ತಿತ್ತು: ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟನೆಂದು ಮಂತ್ರಾಲಯದ ಐತಿಹ್ಯ ಹೇಳುವ ಆದವಾನಿಯ ನವಾಬ ಅವನೇ.

ಇಷ್ಟಾದರೂ ಪ್ರವಾಸವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಸಮಯಪಾಲನೆ ಚೆನ್ನಾಗಿತ್ತು, ಟಾಂಗಾದ ಬಾಡಿಗೆ ಶುಲ್ಕದಲ್ಲೇ ಸೇರಿತ್ತು, ಮಕ್ಕಳ ಪ್ರಶ್ನೆಗಳಿಗೆ ತಾಳ್ಮೆಯಿತ್ತು. ಯಾಕೂತ್ ದಾಬುಲಿಯ ಗೋರಿ ನಿಗದಿತ ದಾರಿಯಲ್ಲಿಲ್ಲ; ಅದನ್ನೂ ಸೇರಿಸಬೇಕೆಂದು ಹೆಸರು ನೋಂದಾಯಿಸುವಾಗಲೇ ಕೇಳಿಕೊಳ್ಳಿ.